ಒಂದು ತಿಂಗಳ ಅಭಯ
ಮುರುಗಮಲ್ಲದಿಂದಲೂ ಚಿಂತಾಮಣಿ ಸೀಮೆಯ ಸುತ್ತಲಿನ ಹಳ್ಳಿಗಳಿಂದಲೂ ಜೀವನೋಪಾಯವನ್ನರಸಿ ಬೆಂಗಳೂರಿಗೆ ಹೋಗಿ, ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವ ತರುಣನ ಪಾಲಿಗೆ 2020ರ ಮಾರ್ಚ್ ತಿಂಗಳ ಕೊರೊನಾ ಲಾಕ್‌ಡೌನ್ ಎಂಥ ಸಂಕಟವನ್ನು ತಂದಿತೆಂಬುದನ್ನು ನಾವು ಇಷ್ಟು ಬೇಗ ಮರೆಯತಕ್ಕದ್ದಲ್ಲ. ಆ ತಿಂಗಳ 29ರಂದು ಕೇಂದ್ರ ಗೃಹ ಸಚಿವಾಲಯವು 2005ರ ವಿಪತ್ತು ನಿರ್ವಹಣಾ ಕಾಯಿದೆಯ ಬಲದಿಂದ ಹೊರಡಿಸಿದ ಆಜ್ಞೆಯು, ವಲಸಿಗರೂ ಸೇರಿದಂತೆ ಕೆಲಸಗಾರರಿಂದ ಒಂದು ತಿಂಗಳ ಬಾಡಿಗೆಯನ್ನು ಕೇಳಕೂಡದೆಂದೂ, ಕಾರ್ಮಿಕರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಬಲಾತ್ಕಾರದಿಂದ ಮನೆ ಬಿಡಿಸುವ ಮಾಲೀಕರ ಮೇಲೆ ಕ್ರಮ ಜರುಗುವುದೆಂದೂ ವಿಧಿಸಿತು; ಉದ್ದೇಶವು ನಿಸ್ಸಂದೇಹವಾಗಿ ಶ್ಲಾಘ್ಯ. ಆದರೆ ದೇಶದೊಳಗಿನ ವಿಮಾನಸಂಚಾರ ಪುನಃ ಆರಂಭವಾದದ್ದು ಮೇ 25ರಂದು. ಚಾಲಕನ ಸಂಪಾದನೆ ನಿಂತದ್ದು ಎರಡು ತಿಂಗಳು, ಅಭಯವಿದ್ದದ್ದು ಒಂದೇ ತಿಂಗಳು. ಆ ಬಾಡಿಗೆ ಮನ್ನಾ ಆಯಿತೋ ಮುಂದಕ್ಕೆ ಹೋಯಿತೋ ಎಂಬುದನ್ನು ಆಜ್ಞೆ ಹೇಳಲಿಲ್ಲ; ಬಾಡಿಗೆಯನ್ನೇ ನಂಬಿ ಬ್ಯಾಂಕಿನ ಸಾಲ ತೀರಿಸುತ್ತಿದ್ದ ಸಣ್ಣ ಮಾಲೀಕನ ನಷ್ಟವನ್ನು ತುಂಬುವವರು ಯಾರೆಂಬುದನ್ನೂ ಹೇಳಲಿಲ್ಲ. ರಾಜ್ಯ ಸರ್ಕಾರವು ಮೇ ತಿಂಗಳಲ್ಲಿ ಆಟೋ, ಟ್ಯಾಕ್ಸಿ ಚಾಲಕರಿಗೆ ಘೋಷಿಸಿದ 5,000 ರೂಪಾಯಿಗಳ ನೆರವು ಊಟಕ್ಕಾದರೆ ಬಾಡಿಗೆಗಿಲ್ಲ, ಬಾಡಿಗೆಗಾದರೆ ಊಟಕ್ಕಿಲ್ಲ. ಇವೆಲ್ಲಕ್ಕಿಂತ ನನ್ನನ್ನು ಬಾಧಿಸುವ ಪ್ರಶ್ನೆ ಬೇರೆಯದು: ಕರಾರುಪತ್ರವಿಲ್ಲದೆ ಬರಿಯ ಬಾಯಿಮಾತಿನ ಮೇಲೆ ಕೋಣೆ ಹಿಡಿದವನು ತಾನು ಬಾಡಿಗೆದಾರನೆಂದು ಪೊಲೀಸ್ ಠಾಣೆಯಲ್ಲಿ ರುಜುವಾತುಪಡಿಸುವುದಾದರೂ ಹೇಗೆ? 2021ರ ಜೂನಿನಲ್ಲಿ ಕೇಂದ್ರ ಸಚಿವ ಸಂಪುಟವು ಅಂಗೀಕರಿಸಿದ ಮಾದರಿ ಬಾಡಿಗೆ ಕಾಯಿದೆಯು ಲಿಖಿತ ಕರಾರನ್ನು ಅವಶ್ಯವೆಂದು ವಿಧಿಸುತ್ತದೆ; ಅದು ಜಾರಿಗೆ ಬರುವಲ್ಲೆಲ್ಲ ಕರಾರು ಬರೆಸುವ ವೆಚ್ಚವು ಇಂಥ ಬಡ ಬಾಡಿಗೆದಾರನ ತಲೆಯ ಮೇಲೆ ಬೀಳದಂತೆ ಸರ್ಕಾರವೇ ವಹಿಸಿಕೊಳ್ಳಬೇಕು.