‘ಅಳಿಸು’ ಎಂದರೆ ಯಾವುದನ್ನು, ಎಲ್ಲಿಂದ?

ಐಟಿ ಕಚೇರಿಗಳಲ್ಲಿ ಡಾಕ್ಯುಮೆಂಟೇಶನ್ ಕೆಲಸಕ್ಕೆ ಇರುವಷ್ಟು ಕಡಿಮೆ ಮರ್ಯಾದೆ ಬೇರೆ ಯಾವ ಕೆಲಸಕ್ಕೂ ಇಲ್ಲ. ಪ್ರೋಗ್ರಾಂ ಬರೆದವನಿಗೆ ಚಪ್ಪಾಳೆ, ಕೆಟ್ಟದ್ದನ್ನು ರಾತ್ರೋರಾತ್ರಿ ಸರಿಪಡಿಸಿದವನಿಗೆ ಬಡ್ತಿ. ಅದನ್ನು ಬಳಸುವುದು ಹೇಗೆಂದು ಬರೆದಿಡುವ ಕೆಲಸ ಮಾತ್ರ ಶುಕ್ರವಾರ ಸಂಜೆ, ತಂಡಕ್ಕೆ ಹೊಸದಾಗಿ ಸೇರಿದವರ ತಲೆಗೆ. ಅವರೂ ಎಲ್ಲಿಂದಲೋ ನಾಲ್ಕು ಸಾಲು ಎತ್ತಿ ಅಂಟಿಸಿ ಮನೆಗೆ ಹೋಗುತ್ತಾರೆ. ಪುಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವ ನನಗೆ ಈ ನಾಲ್ಕು ಸಾಲುಗಳ ಬಗ್ಗೆ ಒಂದು ತಕರಾರಿದೆ. ಅದನ್ನು ಹೇಳಲು ಒಂದೇ ಒಂದು ಟೂಲ್ ಸಾಕು: ಆರ್‌ಸಿಂಕ್.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಒಂದು ಕಡೆಯ ಫೋಲ್ಡರನ್ನು ಇನ್ನೊಂದು ಕಡೆಗೆ, ಬೇಕಾದರೆ ಇನ್ನೊಂದು ಊರಿನ ಕಂಪ್ಯೂಟರಿಗೆ, ಹೊಂದಿಸಿ ಇಡುವ ಟೂಲ್ ಇದು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ ಇದನ್ನು 1996ರಲ್ಲಿ ಹೊರತಂದರು. ಎರಡೂ ಕಡೆಯ ಫೈಲುಗಳನ್ನು ತುಂಡು ತುಂಡಾಗಿ ಹೋಲಿಸಿ ಬದಲಾದ ತುಂಡುಗಳನ್ನಷ್ಟೇ ಕಳಿಸುವುದು ಇದರ ಜಾಣ್ಮೆ. ಲಿನಕ್ಸ್ ಸರ್ವರ್ ಇರುವ ಕಚೇರಿಗಳಲ್ಲಿ ರಾತ್ರಿ ಬ್ಯಾಕಪ್ ಎಂದರೆ ಹೆಚ್ಚಾಗಿ ಇದೇ. ಕಮಾಂಡ್ ಲೈನಿನಲ್ಲಿ ಇದಕ್ಕೆ ಕೊಡಬಹುದಾದ ಆಪ್ಷನ್‌ಗಳು ನೂರಕ್ಕೂ ಹೆಚ್ಚು.

ಆ ನೂರರಲ್ಲಿ ಒಂದರ ಹೆಸರು ‘--ಡಿಲೀಟ್’. ಹೆಲ್ಪ್ ಪಟ್ಟಿಯಲ್ಲಿ ಅದರ ಎದುರಿಗಿರುವುದು ಒಂದು ಸಾಲಿನ ಇಂಗ್ಲಿಷ್: ತಲುಪುವ ಕಡೆಯ ಫೋಲ್ಡರಿನಿಂದ ‘ಎಕ್ಸ್‌ಟ್ರೇನಿಯಸ್’ ಫೈಲುಗಳನ್ನು ಅಳಿಸುತ್ತದೆ ಎಂದು. ಆ ಪದವನ್ನು ನಾವು ದಿನಬಳಕೆಯಲ್ಲಿ ಎಷ್ಟು ಸಲ ಕೇಳಿದ್ದೇವೆ? ನವಿ ಮುಂಬೈಯ ಒಂದು ಕಚೇರಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ, ಹಾವೇರಿ ಕಡೆಯ ಒಬ್ಬ ಹುಡುಗ ನನಗೆ ಫೋನಿನಲ್ಲಿ ಹೇಳಿದ್ದು ಹೀಗೆ: ‘ಅಲ್ರೀ ಸರ, ಹೆಚ್ಚಿಗಿ ಬಂದದ್ದು, ಬ್ಯಾಡಾದದ್ದು ಅಂತ ತಿಳ್ಕೊಂಡಿದ್ದೆ ನಾನು. ಟೆಂಪರರಿ ಫೈಲು, ಕಸ, ಅಂಥಾದ್ದು.’ ಹತ್ತನೇ ಇಯತ್ತೆವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಕೆಲಸದಲ್ಲಿ ಚುರುಕು. ಅವನ ಊಹೆಯಲ್ಲಿ ತಪ್ಪೇನಿತ್ತು? ನಿಘಂಟು ತೆಗೆದರೂ ಆ ಪದಕ್ಕೆ ‘ಅನವಶ್ಯಕ’ ಎಂಬ ಅರ್ಥವೇ ಸಿಗುತ್ತದೆ. ಆದರೆ ಟೂಲಿನ ಲೆಕ್ಕದಲ್ಲಿ ಅದರ ಅರ್ಥ ಬೇರೆ. ಮೂಲದಲ್ಲಿ ಇಲ್ಲದ್ದೆಲ್ಲವೂ ನಕಲಿನಲ್ಲಿ ‘ಅನವಶ್ಯಕ’. ಅದು ನಿಮ್ಮ ಮಗಳ ಮದುವೆ ಫೋಟೊ ಆಗಿರಲಿ, ಕಚೇರಿಯ ಐದು ವರ್ಷದ ಲೆಕ್ಕ ಆಗಿರಲಿ.

ಅವನಿದ್ದ ಕಚೇರಿಯಲ್ಲಿ ಆದದ್ದಿಷ್ಟು. ಒಂದು ರಾತ್ರಿ ಸರ್ವರ್ ರೀಸ್ಟಾರ್ಟ್ ಆಯಿತು. ಡೇಟಾ ಇದ್ದ ಡಿಸ್ಕ್ ಮತ್ತೆ ಮೌಂಟ್ ಆಗಲಿಲ್ಲ. ಡಿಸ್ಕ್ ಇಲ್ಲದಿದ್ದರೂ ಅದು ಕೂರಬೇಕಾದ ಫೋಲ್ಡರ್ ಇದ್ದೇ ಇರುತ್ತದೆ, ಖಾಲಿಯಾಗಿ. ಪಾಳಿಯ ಚೆಕ್‌ಲಿಸ್ಟಿನಲ್ಲಿ ಇದ್ದಂತೆ ಹುಡುಗ ಸಿಂಕ್ ಕಮಾಂಡ್ ಓಡಿಸಿದ. ಮೂಲ ಖಾಲಿ, ಹಾಗಾಗಿ ಬ್ಯಾಕಪ್‌ನಲ್ಲಿ ಇದ್ದದ್ದೆಲ್ಲ ಅನವಶ್ಯಕ. ಓದುವಾಗ ದೋಷ ಬಂದರೆ ಅಳಿಸುವುದನ್ನು ತಾನಾಗಿ ನಿಲ್ಲಿಸುವ ಎಚ್ಚರ ಆರ್‌ಸಿಂಕ್‌ಗೆ ಇದೆ, ಆದರೆ ಖಾಲಿ ಫೋಲ್ಡರ್ ದೋಷವಲ್ಲವಲ್ಲ. ಅದು ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿತು. ಕಳಚಿಕೊಂಡ ಡಿಸ್ಕೂ ಬೆಳಿಗ್ಗೆ ಕೆಟ್ಟಿತ್ತೆಂದು ಗೊತ್ತಾಯಿತು. ಮೂರು ವಾರ ಹಳೆಯ ಇನ್ನೊಂದು ಪ್ರತಿಯಿಂದ ಕೆಲಸ ಶುರುವಾಯಿತು. ನಡುವಿನ ಮೂರು ವಾರದ ದಾಖಲೆಗಳನ್ನು ಮತ್ತೆ ಕೂತು ಸ್ಕ್ಯಾನ್ ಮಾಡಿದರು. ಹುಡುಗನ ಗುತ್ತಿಗೆ ಮುಂದುವರಿಯಲಿಲ್ಲ. ಚೆಕ್‌ಲಿಸ್ಟ್ ಬರೆದವರು ಯಾರೆಂದು ಯಾರೂ ಕೇಳಲಿಲ್ಲ.

ನನ್ನ ತಕರಾರು ಆರ್‌ಸಿಂಕ್ ಬರೆದವರ ಮೇಲಲ್ಲ. ಅದರ ಪೂರ್ಣ ಕೈಪಿಡಿ ನಾನು ಓದಿದ ಒಳ್ಳೆಯ ಕೈಪಿಡಿಗಳಲ್ಲಿ ಒಂದು. ‘--ಡಿಲೀಟ್’ ಬಗ್ಗೆ ಹಲವು ಪ್ಯಾರಾ ಇದೆ. ತಪ್ಪಾಗಿ ಬಳಸಿದರೆ ಅಪಾಯವೆಂದೂ, ಮೊದಲು ‘--ಡ್ರೈ-ರನ್’ ಹಾಕಿ ಯಾವ ಫೈಲು ಹೋಗಲಿದೆ ನೋಡಿಕೊಳ್ಳುವುದು ಒಳ್ಳೆಯದೆಂದೂ ಅಲ್ಲೇ ಎಚ್ಚರಿಸಿದ್ದಾರೆ. ನಮ್ಮ ಕಚೇರಿಗಳಲ್ಲಿ ಆಗುವುದೇನೆಂದರೆ, ಆ ಪ್ಯಾರಾಗಳು ಕೈಪಿಡಿಯಲ್ಲೇ ಉಳಿದು, ಪಟ್ಟಿಯ ಒಂದು ಸಾಲು ಮಾತ್ರ ಒಳಗಿನ ಡಾಕ್ಯುಮೆಂಟಿಗೆ ಬರುತ್ತದೆ. ಔಷಧದ ಹೆಸರು ಬರೆದುಕೊಂಡು ಪ್ರಮಾಣ ಬಿಟ್ಟ ಹಾಗೆ.

ಹೆಸರುಗಳೇ ದಾರಿ ತಪ್ಪಿಸುವುದೂ ಉಂಟು. ‘-ಎ’ ಎಂದರೆ ‘ಆರ್ಕೈವ್’. ಆ ಪದ ಕೇಳಿದವರು ಎಲ್ಲವೂ ಇದ್ದ ಹಾಗೇ ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ. ಅನುಮತಿ, ಸಮಯ, ಮಾಲೀಕ, ಗುಂಪು, ಸಿಂಬಾಲಿಕ್ ಲಿಂಕ್ ಇವೆಲ್ಲ ಬರುತ್ತವೆ. ಹಾರ್ಡ್ ಲಿಂಕ್, ಎಸಿಎಲ್, ವಿಸ್ತೃತ ಗುಣಲಕ್ಷಣಗಳು ಬರುವುದಿಲ್ಲ. ಅವಕ್ಕೆ ದೊಡ್ಡಕ್ಷರದ ಎಚ್, ಎ, ಎಕ್ಸ್ ಬೇರೆಯಾಗಿ ಕೊಡಬೇಕು. ಯಾರು ಯಾವ ಫೈಲು ನೋಡಬಹುದೆಂದು ಎಸಿಎಲ್‌ನಲ್ಲಿ ಬರೆದಿಟ್ಟ ಕಚೇರಿಗೆ, ಬ್ಯಾಕಪ್ ವಾಪಸ್ ತಂದ ದಿನವೇ ಇದು ಗೊತ್ತಾಗುವುದು. ಹಾಗಾಗಿ ಒಂದು ಆಪ್ಷನ್ ಏನು ಮಾಡುತ್ತದೆ ಎನ್ನುವುದರ ಜೊತೆಗೆ ಏನು ಮಾಡುವುದಿಲ್ಲ ಎಂಬುದನ್ನೂ ಬರೆಯಬೇಕು ಎಂದು ನಾನು ಹಠ ಹಿಡಿಯುತ್ತೇನೆ. ತಂಡದವರು ನಗುತ್ತಾರೆ, ಬರೆಯುತ್ತಾರೆ.

ಒಂಟಿ ಅಕ್ಷರಗಳದ್ದು ಇನ್ನೊಂದು ಕಾಟ. ‘-ಎನ್’ ಆರ್‌ಸಿಂಕ್‌ನಲ್ಲಿ ಬರೀ ತಾಲೀಮು; ‘ಸಾರ್ಟ್’ನಲ್ಲಿ ಅದೇ ಅಕ್ಷರ ಅಂಕಿಯ ಪ್ರಕಾರ ಜೋಡಿಸು ಎಂದು. ದೊಡ್ಡಕ್ಷರದ ‘-ಆರ್’ ‘ಸಿಪಿ’ಯಲ್ಲಿ ಒಳಫೋಲ್ಡರುಗಳನ್ನೂ ನಕಲು ಮಾಡು ಎಂದಾದರೆ, ಇಲ್ಲಿ ಹಾದಿಯ ಹೆಸರನ್ನು ಪೂರ್ತಿ ಉಳಿಸಿಕೋ ಎಂದು. ಕೈಯಲ್ಲಿ ಟೈಪ್ ಮಾಡುವಾಗ ಒಂಟಿ ಅಕ್ಷರ ಸರಿ. ಡಾಕ್ಯುಮೆಂಟಿನಲ್ಲಿ, ಸ್ಕ್ರಿಪ್ಟಿನಲ್ಲಿ ಉದ್ದ ಹೆಸರನ್ನೇ ಬರೆಯಿರಿ. ಬೆಳಗಿನ ಜಾವ ಮೂರಕ್ಕೆ ಓದುವವನಿಗೆ ಒಗಟು ಬೇಡ.

ಎಲ್ಲಕ್ಕಿಂತ ಚಿಕ್ಕದು ಒಂದು ಓರೆಗೆರೆ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಒಳಗಿನದ್ದಷ್ಟೇ ಹೋಗುತ್ತದೆ. ಇಲ್ಲದಿದ್ದರೆ ಆ ಹೆಸರಿನ ಫೋಲ್ಡರ್ ಸಮೇತ ಹೋಗುತ್ತದೆ. ಅಕ್ಕಿ ಸುರಿಯುವುದಕ್ಕೂ ಚೀಲ ಸಮೇತ ಇಡುವುದಕ್ಕೂ ಇರುವ ವ್ಯತ್ಯಾಸ. ಟ್ಯಾಬ್ ಒತ್ತಿ ಹೆಸರು ತುಂಬಿಸಿದರೆ ಆ ಓರೆಗೆರೆ ತಾನೇ ಬಂದು ಕೂರುತ್ತದೆ, ಕೈಯಲ್ಲಿ ಟೈಪ್ ಮಾಡಿದವರು ಬಿಟ್ಟಿರುತ್ತಾರೆ. ಇದರ ಜೊತೆಗೆ ‘--ಡಿಲೀಟ್’ ಸೇರಿದರೆ, ಸುರಿಯಬಾರದ ಕಡೆ ಸುರಿದು ಅಲ್ಲಿದ್ದದ್ದನ್ನು ಗುಡಿಸಿ ಹಾಕಿದ ಹಾಗಾಗುತ್ತದೆ. ಇದನ್ನು ಪದಗಳಲ್ಲಿ ಎಷ್ಟು ವಿವರಿಸಿದರೂ ಸಾಲದು, ಎರಡೂ ರೀತಿಯಲ್ಲಿ ಓಡಿಸಿ, ಕೊನೆಗೆ ಫೋಲ್ಡರ್ ಹೇಗೆ ಕಾಣುತ್ತದೆಂದು ತೋರಿಸಬೇಕು.

ಇನ್ನು ಭಾಷೆಯ ವಿಚಾರ. ನಮ್ಮ ತಂಡದಲ್ಲಿ ಮರಾಠಿಯವರು ನಾಲ್ವರು, ಬಿಹಾರದವರು ಇಬ್ಬರು, ಒಬ್ಬರು ಕೇರಳದವರು, ನಾನು ಮತ್ತು ವಿಜಯಪುರದ ಒಬ್ಬರು ಕನ್ನಡದವರು. ಇಂಗ್ಲಿಷ್ ಯಾರ ಮನೆಯಲ್ಲೂ ಇಲ್ಲ, ಡಾಕ್ಯುಮೆಂಟ್ ಪೂರ್ತಿ ಅದರಲ್ಲೇ. ಇಂಗ್ಲಿಷ್ ಬಾರದವರು ಸರ್ವರ್ ಮುಟ್ಟಬಾರದು ಎನ್ನುವ ಮ್ಯಾನೇಜರುಗಳನ್ನು ನೋಡಿದ್ದೇನೆ. ಮುಟ್ಟುವವರು ಅವರೇ, ಸ್ವಾಮಿ. ರಾತ್ರಿ ಪಾಳಿಗೆ ಮತ್ತೆ ಯಾರು ಬರುತ್ತಾರೆ? ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ, ಕಮಾಂಡ್ ಹೇಗೂ ಆ ಅಕ್ಷರಗಳಲ್ಲೇ ಟೈಪ್ ಆಗಬೇಕು. ಅಪಾಯದ ಆಪ್ಷನ್‌ಗಳ ವಿವರ ಮಾತ್ರ ಓದುವವನ ಭಾಷೆಯಲ್ಲೂ ಎರಡು ಸಾಲು ಇರಲಿ. ನಮ್ಮಲ್ಲಿ ಈಗ ಹಿಂದಿ, ಮರಾಠಿ, ಕನ್ನಡ ಮೂರೂ ಇವೆ. ಹಿಂದಿಯದ್ದನ್ನು ಪಟ್ನಾದ ಗೆಳೆಯ ಬರೆದ, ನನ್ನದಕ್ಕಿಂತ ಚೆನ್ನಾಗಿದೆ.

ಕನ್ನಡದಲ್ಲಿ ಬರೆಯುವವರಿಗೆ ನನ್ನದೊಂದು ಕೋರಿಕೆ: ಪದ ಕಟ್ಟಲು ಹೊರಡಬೇಡಿ. ‘ಸಮಕಾಲೀಕರಣ’ ಎಂದರೆ ಇನ್ನೊಂದು ಎಕ್ಸ್‌ಟ್ರೇನಿಯಸ್ ಅಷ್ಟೆ. ಸಿಂಕ್, ಫೈಲ್, ಫೋಲ್ಡರ್ ಎಲ್ಲರಿಗೂ ಗೊತ್ತು. ಫೈಲಿಗೆ ಕಡತ ಎನ್ನುವವರ ಜೊತೆ ಜಗಳವಿಲ್ಲ. ಹಳೆಯ ಕಡತವೆಂದರೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮಡಿಕೆ ಪುಸ್ತಕ, ಬಳಪದಲ್ಲಿ ಬರೆದು ಒರೆಸಿ ಮತ್ತೆ ಬರೆಯುತ್ತಿದ್ದರು. ಒರೆಸಿದರೆ ಹೋಯಿತು ಎಂಬ ಭಯ ಆ ಪದಕ್ಕೆ ಮೊದಲಿನಿಂದಲೇ ಇದೆ.

ನಮ್ಮ ಡಾಕ್ಯುಮೆಂಟಿನಲ್ಲಿ ‘--ಡಿಲೀಟ್’ ಎದುರಿಗೆ ಈಗ ಇರುವುದು ಇದು: ‘ಮೂಲದಲ್ಲಿ ಇಲ್ಲದ ಪ್ರತಿಯೊಂದು ಫೈಲನ್ನೂ ಬ್ಯಾಕಪ್‌ನಿಂದ ಅಳಿಸುತ್ತದೆ. ಮೂಲ ಖಾಲಿಯಿದ್ದರೆ ಬ್ಯಾಕಪ್ ಪೂರ್ತಿ ಹೋಗುತ್ತದೆ. ವಾಪಸ್ ತರಲು ಆಗುವುದಿಲ್ಲ. ಡಿಸ್ಕ್ ಮೌಂಟ್ ಆಗಿದೆಯೇ ನೋಡಿ. ಮೊದಲು --ಡ್ರೈ-ರನ್ ಹಾಕಿ ಓಡಿಸಿ, ಪಟ್ಟಿ ಓದಿ, ಆಮೇಲೆ ಅದನ್ನು ತೆಗೆದು ಓಡಿಸಿ.’ ಅದರ ಕೆಳಗೆ ‘--ಮ್ಯಾಕ್ಸ್-ಡಿಲೀಟ್’. ಕೊಟ್ಟ ಸಂಖ್ಯೆಗಿಂತ ಹೆಚ್ಚು ಫೈಲು ಅಳಿಸಲು ಅದು ಬಿಡುವುದಿಲ್ಲ, ತಡೆದಾಗ 25 ಎಂಬ ಕೋಡ್ ಕೊಟ್ಟು ನಿಲ್ಲುತ್ತದೆ. ಕೋಡುಗಳನ್ನೂ ಬರೆದಿದ್ದೇವೆ: 24 ಬಂದರೆ ನಕಲು ನಡೆಯುವಾಗ ಕೆಲವು ಫೈಲು ಮಾಯವಾಗಿವೆ, ಸಾಮಾನ್ಯವಾಗಿ ಗಾಬರಿ ಬೇಡ, 23 ಬಂದರೆ ಕೆಲವು ಫೈಲು ಹೋಗಿಲ್ಲ, ಲಾಗ್ ನೋಡದೆ ಮಲಗಬೇಡಿ.

ಪುಟದ ತಲೆಯಲ್ಲಿ ಯಾವ ಆವೃತ್ತಿಯಲ್ಲಿ ಓಡಿಸಿ ನೋಡಿದ್ದೇವೆ ಎಂಬ ಸಾಲೂ ಇದೆ. ಮ್ಯಾಕ್ ಕಂಪ್ಯೂಟರುಗಳು ಬಹುಕಾಲ 2006ರ 2.6.9 ಆವೃತ್ತಿಯನ್ನೇ ಹೊತ್ತುಕೊಂಡಿದ್ದವು. ಹಳೆಯ ಆವೃತ್ತಿಗಳಲ್ಲಿ ‘--ಡಿಲೀಟ್’ ನಕಲು ಶುರುವಾಗುವ ಮೊದಲೇ ಅಳಿಸುತ್ತಿತ್ತು, 2008ರಲ್ಲಿ 3.0.0 ಬಂದ ಮೇಲೆ, ಎರಡೂ ಕಡೆ ಹೊಸತೇ ಇದ್ದರೆ, ನಕಲಿನ ಜೊತೆಜೊತೆಗೇ ಅಳಿಸುತ್ತದೆ. ಅರ್ಧಕ್ಕೆ ನಿಲ್ಲಿಸಿದಾಗ ಏನು ಉಳಿದಿರುತ್ತದೆ ಎಂಬುದು ಈ ಎರಡರಲ್ಲಿ ಒಂದೇ ಅಲ್ಲ. ಅದನ್ನೂ ಬರೆದಿದ್ದೇವೆ, ಮೂರೂ ಭಾಷೆಗಳಲ್ಲಿ.