ಪಾಠ ಕ್ಲಾಸಿನಲ್ಲಿ, ನೋಟ್ಸು ವಾಟ್ಸಾಪಿನಲ್ಲಿ: ರಿಚಾರ್ಜ್ ಮುಗಿದ ವಿದ್ಯಾರ್ಥಿ ಎಲ್ಲಿ?

ಅಗಡಿ (ಹಾವೇರಿ ತಾ.): ಊರಿಂದ ಹಾವೇರಿಗೆ ಡಿಗ್ರಿ, ಪಿಜಿ ಓದೋಕೆ ಹೋಗೋ ಮಕ್ಕಳಿಗೆ ಕಾಲೇಜಿನ ಸುದ್ದಿ ಈಗ ನೋಟಿಸ್ ಬೋರ್ಡಿಗಿಂತ ಮೊದಲು ಮೊಬೈಲಿಗೆ ಬರುತ್ತೆ. ಟೈಂ ಟೇಬಲ್, ಪರೀಕ್ಷಾ ಶುಲ್ಕದ ಕೊನೆ ದಿನ, ಇಂಟರ್ನಲ್, ಸ್ಕಾಲರ್‌ಶಿಪ್, ಕೊನೆಗೆ ನೋಟ್ಸು ಕೂಡ ವಾಟ್ಸಾಪ್ ಗ್ರೂಪಿನಲ್ಲೇ. ಇದರಿಂದ ಅನುಕೂಲ ಆಗಿಲ್ಲ ಅಂತ ಯಾರೂ ಹೇಳಲ್ಲ. ಆದ್ರೆ ಗ್ರೂಪ್ ಒಂದನ್ನೇ ನಂಬಿ ಓದು ನಡೆಸಿದ್ರೆ ಹಿಂದೆ ಉಳಿಯೋರು ಯಾರು ಅನ್ನೋದನ್ನ ಪಾಲಕರೂ ಒಮ್ಮೆ ನೋಡಬೇಕು.

ಶುರುವಾದದ್ದು ಹೇಗೆ?

2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಕಾಲೇಜು ಮುಚ್ಚಿದಾಗ ಕೈಗೆ ಸಿಕ್ಕ ದಾರಿ ಅಂದ್ರೆ ವಾಟ್ಸಾಪ್, ಯೂಟ್ಯೂಬ್, ಗೂಗಲ್ ಮೀಟ್. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಡಿಗ್ರಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಸುಮಾರು 1.55 ಲಕ್ಷ ಟ್ಯಾಬ್ಲೆಟ್ ಕೊಡೋ ಯೋಜನೆಗೆ ಚಾಲನೆ ಕೊಡ್ತು. ಜೊತೆಗೆ ಪಾಠಗಳನ್ನ ಒಂದೇ ಕಡೆ ಇಡೋಕೆ ಎಲ್‌ಎಂಎಸ್ ಅನ್ನೋ ವ್ಯವಸ್ಥೆಯೂ ಬಂತು. ಕೇಂದ್ರದ ಸ್ವಯಂ ವೇದಿಕೆ 2017ರಿಂದಲೇ ಇದೆ. ಇಷ್ಟೆಲ್ಲಾ ಇದ್ರೂ ಮೇಷ್ಟ್ರು, ವಿದ್ಯಾರ್ಥಿ ಇಬ್ಬರೂ ವಾಟ್ಸಾಪಿಗೇ ಅಂಟಿಕೊಂಡ್ರು. ಕಾರಣ ಸರಳ: ಅದು ಮೊದಲೇ ಎಲ್ಲರ ಫೋನಿನಲ್ಲಿತ್ತು, ಪಾಸ್‌ವರ್ಡ್ ನೆನಪಿಡೋ ತಾಪತ್ರಯ ಇಲ್ಲ, ನೆಟ್‌ವರ್ಕ್ ಕಮ್ಮಿ ಇದ್ರೂ ಮೆಸೇಜ್ ಹೋಗುತ್ತೆ.

ಮೇಷ್ಟ್ರ ಕಡೆಯಿಂದ ನೋಡಿದ್ರೆ

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ದೊಡ್ಡ ಭಾರ ಹೊತ್ತಿರೋರು ಅತಿಥಿ ಉಪನ್ಯಾಸಕರು. 2023ರ ನವೆಂಬರ್ ಕೊನೆಯಿಂದ ಮುಂದಿನ ಜನವರಿವರೆಗೆ ಸೇವೆ ಕಾಯಂ ಮಾಡಿ ಅಂತ ಅವರು ತರಗತಿ ಬಿಟ್ಟು ಧರಣಿ ಕೂತಿದ್ದು ಜಿಲ್ಲೆಯವರಿಗೆ ನೆನಪಿರಬಹುದು. ಅವರ ಗೌರವಧನ ನಿಂತಿರೋದು ವಾರದ ಪಾಠದ ತಾಸಿನ ಮೇಲೆ. ರಾತ್ರಿ ಹತ್ತಕ್ಕೆ ಗ್ರೂಪಿನಲ್ಲಿ ಬರೋ ಡೌಟಿಗೆ ಉತ್ತರ ಬರೆದ ಹೊತ್ತು ಯಾವ ಲೆಕ್ಕಕ್ಕೂ ಇಲ್ಲ. ಮುಂದಿನ ವರ್ಷ ಅವರು ಬೇರೆ ಕಾಲೇಜಿಗೆ ಹೋದ್ರೆ ಗ್ರೂಪ್, ಅದರೊಳಗಿನ ನೋಟ್ಸು ಎಲ್ಲಾ ಅವರ ಫೋನಿನ ಜೊತೆಗೇ ಹೋಗುತ್ತೆ. ಕಾಲೇಜಿಗೆ ಉಳಿಯೋದು ಏನೂ ಇಲ್ಲ.

ಪಿಡಿಎಫ್ ಬಂದ್ರೆ ಓದು ಆಯ್ತಾ?

ಇದು ಮುಖ್ಯ ಪ್ರಶ್ನೆ. ಗ್ರೂಪಿನಲ್ಲಿ ಐವತ್ತು ಪುಟದ ಪಿಡಿಎಫ್ ಬಿದ್ದ ಕೂಡಲೇ ಎಲ್ಲರೂ ಹೆಬ್ಬೆಟ್ಟು ಒತ್ತುತ್ತಾರೆ. ಅರ್ಥ ಆಗಿಲ್ಲ ಅಂತ ನೂರು ಜನರ ಮುಂದೆ ಕೇಳೋಕೆ ಸಂಕೋಚ, ಅದರಲ್ಲೂ ಹೆಣ್ಣುಮಕ್ಕಳಿಗೆ. ಗ್ರೂಪಿಗೆ ಸೇರಿದ್ರೆ ತಮ್ಮ ನಂಬರ್ ಎಲ್ಲರಿಗೂ ಕಾಣುತ್ತೆ ಅನ್ನೋ ಭಯ ಬೇರೆ. ತಡವಾಗಿ ಅಡ್ಮಿಷನ್ ಆದವರಿಗೆ ಹಳೇ ಮೆಸೇಜು ಸಾಮಾನ್ಯವಾಗಿ ಕಾಣೋದಿಲ್ಲ. ಬಹಳ ದಿನ ಬಿಟ್ಟು ಡೌನ್‌ಲೋಡ್ ಮಾಡೋಕೆ ಹೋದ್ರೆ ಫೈಲ್ ಸಿಗೋದಿಲ್ಲ.

ಯೂಟ್ಯೂಬಿನ ಕತೆ ಇನ್ನೊಂದು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗೆ ಕನ್ನಡದಲ್ಲಿ ವಿಡಿಯೊ, ಟೆಲಿಗ್ರಾಂ ಚಾನೆಲ್ ಬೇಕಾದಷ್ಟಿವೆ. ಬಿ.ಎ., ಬಿ.ಕಾಂ. ಸಿಲೆಬಸ್ಸಿನ ಪಾಠ ಕನ್ನಡದಲ್ಲಿ ಹುಡುಕಿದ್ರೆ ಸಿಗೋದು ಕಮ್ಮಿ. ಹೀಗಾಗಿ ಕನ್ನಡ ಮಾಧ್ಯಮದ ಹುಡುಗರು ಡಿಗ್ರಿ ಪುಸ್ತಕ ಪಕ್ಕಕ್ಕಿಟ್ಟು ಸ್ಪರ್ಧಾತ್ಮಕ ಪರೀಕ್ಷೆ ಕಡೆಗೆ ಜಾರೋದು ಸಹಜ.

ಮನೆ ಖರ್ಚಿನ ಲೆಕ್ಕ

2024ರ ಜುಲೈನಲ್ಲಿ ಮೊಬೈಲ್ ದರ ಏರಿತು. ಜಿಯೊದಲ್ಲಿ ದಿನಕ್ಕೆ 1.5 ಜಿಬಿ ಕೊಡೋ 28 ದಿನದ ಪ್ಲಾನ್ 239 ರೂಪಾಯಿಯಿಂದ 299 ಆಯ್ತು. ವರ್ಷಕ್ಕೆ 13 ಸಲ ಹಾಕಿಸಿದ್ರೆ 3,887 ರೂಪಾಯಿ. ಮೊದಲಿಗಿಂತ 780 ಜಾಸ್ತಿ. ಇಬ್ಬರು ಓದೋ ಮಕ್ಕಳಿರೋ ಕೂಲಿ ಮನೆಯಲ್ಲಿ ಇದು ಏಳೂವರೆ ಸಾವಿರ ದಾಟುತ್ತೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆ ಆಗಿದೆ. ಕಾಲೇಜು ಮುಟ್ಟೋಕೆ ಖರ್ಚಿಲ್ಲ, ಕಾಲೇಜಿನ ಸುದ್ದಿ ಮುಟ್ಟೋಕೆ ಮಾತ್ರ 28 ದಿನಕ್ಕೊಮ್ಮೆ ದುಡ್ಡು. ರಿಚಾರ್ಜ್ ಮುಗಿದ ವಾರದಲ್ಲೇ ಶುಲ್ಕದ ಕೊನೆ ದಿನ ಬಂದ್ರೆ ದಂಡ ಕಟ್ಟೋದು ಬಡವರ ಮಕ್ಕಳೇ.

ಝೆರಾಕ್ಸ್ ಅಂಗಡಿಯವರಿಗೂ ಇದರಲ್ಲಿ ಪಾಲಿದೆ. ಈಗ ಹುಡುಗರು ಪುಸ್ತಕ ತರಲ್ಲ, ಅಂಗಡಿ ನಂಬರಿಗೆ ಪಿಡಿಎಫ್ ಕಳಿಸಿ ಪ್ರಿಂಟ್ ಕೇಳ್ತಾರೆ. ನೋಟ್ಸಿನ ಜೊತೆ ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಕೂಡ ಬರುತ್ತೆ. ಪ್ರಿಂಟ್ ಕೊಟ್ಟ ಮೇಲೆ ಅವನ್ನ ಫೋನಿನಿಂದ ಅಳಿಸಿ ಹಾಕೋದು ಒಳ್ಳೇದು.

ವಿ.ವಿ. ಉಳಿಯುತ್ತಾ ಅನ್ನೋ ಚಿಂತೆ

ಕರ್ನಾಟಕ ವಿಶ್ವವಿದ್ಯಾಲಯದಿಂದ ಬೇರೆಯಾಗಿ 2023ರಲ್ಲಿ ಕೆರಿಮತ್ತಿಹಳ್ಳಿಯಲ್ಲಿ ಹಾವೇರಿ ವಿಶ್ವವಿದ್ಯಾಲಯ ಶುರುವಾಯ್ತು. ಎರಡೇ ವರ್ಷಕ್ಕೆ, 2025ರ ಫೆಬ್ರುವರಿಯಲ್ಲಿ, ಹಣದ ಕೊರತೆ ಕಾರಣಕ್ಕೆ ಒಂಬತ್ತು ಹೊಸ ವಿ.ವಿ.ಗಳನ್ನ ಮುಚ್ಚೋ ಮಾತು ಸಂಪುಟ ಉಪಸಮಿತಿಯಿಂದ ಬಂತು. ಪಟ್ಟಿಯಲ್ಲಿ ಹಾವೇರಿಯೂ ಇತ್ತು. ಇಂಥ ಹೊತ್ತಲ್ಲಿ ಪರೀಕ್ಷೆ ಯಾರು ನಡೆಸ್ತಾರೆ, ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ಹೆಸರು ಇರುತ್ತೆ ಅನ್ನೋ ಪ್ರಶ್ನೆ ಏಳೋದು ಸಹಜ. ಉತ್ತರ ಅಧಿಕೃತವಾಗಿ ಬರದಿದ್ರೆ ಫಾರ್ವರ್ಡ್ ಮೆಸೇಜೇ ಸುತ್ತೋಲೆ ಆಗಿಬಿಡುತ್ತೆ. ಪರೀಕ್ಷೆ ಮುಂದಕ್ಕೆ ಹೋಗಿದೆ ಅನ್ನೋ ಒಂದು ಸುಳ್ಳು ಸಾಕು, ಹುಡುಗನ ಒಂದು ಸೆಮಿಸ್ಟರ್ ಹಾಳಾಗೋಕೆ.

ಆಗಬೇಕಾದ್ದು

ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಗ್ರೂಪಿಗೆ ಹಾಕೋ ಪ್ರತಿ ಸೂಚನೆ ಅವತ್ತೇ ವೆಬ್‌ಸೈಟಿಗೂ, ಕಾಲೇಜಿನ ಬೋರ್ಡಿಗೂ ಬರಬೇಕು. ತಾರೀಖು, ಸಹಿ ಇಲ್ಲದ್ದನ್ನ ಯಾರೂ ನಂಬಬಾರದು. ಸೂಚನೆಗೆ ವಾಟ್ಸಾಪ್ ಚಾನೆಲ್ ಬಳಸಿದ್ರೆ ಹೆಣ್ಣುಮಕ್ಕಳ ನಂಬರ್ ಬೇರೆ ಸದಸ್ಯರಿಗೆ ಕಾಣೋದಿಲ್ಲ. ನೋಟ್ಸಿನ ಒಂದು ಪ್ರತಿ ಕಾಲೇಜು ಗ್ರಂಥಾಲಯದಲ್ಲಿ ಉಳೀಬೇಕು. ಅರಿವು ಕೇಂದ್ರ ಅಂತ ಹೆಸರಾದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಕಂಪ್ಯೂಟರಿನಲ್ಲೂ ಅದು ಸಿಕ್ಕರೆ ಊರಲ್ಲೇ ಕೂತು ಓದಬಹುದು. ಗ್ರೂಪಿನಲ್ಲಿ ಕಲಿಸಿದ ಹೊತ್ತನ್ನ ಅತಿಥಿ ಉಪನ್ಯಾಸಕರ ಕೆಲಸದ ಲೆಕ್ಕಕ್ಕೆ ಸೇರಿಸೋದೂ ಆಗಬೇಕು.

ಅಗಡಿಗೆ ಇದು ಹೊಸ ವಿಷಯ ಏನಲ್ಲ. ನೂರು ವರ್ಷಕ್ಕೂ ಹಿಂದೆ ಇಲ್ಲಿನ ಆನಂದವನದಿಂದ ಗಳಗನಾಥರ ಸಂಪಾದಕತ್ವದಲ್ಲಿ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟು ಕನ್ನಡಿಗರ ಮನೆಗಳಿಗೆ ಹೋಗ್ತಿತ್ತು. ಒಮ್ಮೆ ಬಂದ ಸಂಚಿಕೆ ಮನೆಯಲ್ಲೇ ಉಳೀತಿತ್ತು, ಅಕ್ಕಪಕ್ಕದವರೂ ಇಸ್ಕೊಂಡು ಓದಬಹುದಿತ್ತು. ಇವತ್ತಿನ ಪಿಡಿಎಫ್ ಕ್ಷಣದಲ್ಲಿ ಬರುತ್ತೆ ನಿಜ. ಫೋನ್ ಕೆಟ್ಟರೂ, ಮೇಷ್ಟ್ರು ಬದಲಾದ್ರೂ ಅದು ವಿದ್ಯಾರ್ಥಿ ಕೈಗೆ ಸಿಗೋ ಹಾಗೆ ಇಡೋದು ಕಾಲೇಜು, ವಿ.ವಿ.ಗಳ ಕೆಲಸ. ಮುಂದಿನ ಪಾಲಕರ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ.