ಅಂಗನವಾಡಿ ಟೀಚರಿಗೆ ಪೂರ್ತಿ ತರಬೇತಿ ಕೊಡಿ! ಗ್ರಾಮಸಭೆಗೆ ಬನ್ನಿ, ಒಕ್ಕೊರಲಿನಿಂದ ಕೇಳೋಣ!

ತಾಯಂದಿರೇ, ತಂದೆಯರೇ, ಊರಿನ ಹಿರಿಯರೇ,

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಇಂದು ಹಾಡಿ, ತಾಂಡಾ, ಕೊಳೆಗೇರಿಗಳೂ ಸೇರಿ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮೊಟ್ಟೆ ಬಂತು, ತೂಕದ ಯಂತ್ರ ಬಂತು, ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬಲು ಮೊಬೈಲೂ ಬಂತು. ಇವನ್ನೆಲ್ಲ ನಿಭಾಯಿಸುವ ಟೀಚರಿಗೆ ಸಿಗಬೇಕಾದ ತರಬೇತಿ ಮಾತ್ರ ಇನ್ನೂ ಅರೆಬರೆ.

“ಮಕ್ಕಳನ್ನು ಆಡಿಸೋಕೆ ತರಬೇತಿ ಯಾಕೆ?” ಎನ್ನುವವರಿದ್ದಾರೆ. ಅವರು ಒಂದು ದಿನ ಅಂಗನವಾಡಿಗೆ ಬಂದು ನೋಡಲಿ.

ಮಗುವಿನ ತೋಳಳತೆ ತೆಗೆಯುವುದನ್ನೇ ನೋಡಿ. ಎಡಗೈಯನ್ನು ಸಡಿಲವಾಗಿ ಇಳಿಬಿಡಿಸಿ, ಭುಜಕ್ಕೂ ಮೊಣಕೈಗೂ ಸರಿಯಾಗಿ ನಡುವೆ ಗುರುತು ಹಾಕಿ, ಪಟ್ಟಿಯನ್ನು ಚರ್ಮಕ್ಕೆ ತಾಗುವಂತೆ, ಆದರೆ ಒತ್ತದಂತೆ ಸುತ್ತಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಪಟ್ಟಿ ಸ್ವಲ್ಪ ಸಡಿಲವಾದರೂ ಲೆಕ್ಕ ತಪ್ಪುತ್ತದೆ. ತಕ್ಷಣ ವೈದ್ಯರ ಕಣ್ಣಿಗೆ ಬೀಳಬೇಕಾದ ಮಗು ‘ಪರವಾಗಿಲ್ಲ’ ಎನಿಸಿಕೊಂಡು ಮನೆಗೆ ಹೋಗುತ್ತದೆ.

ಮನೆಯಲ್ಲಿ ಲಂಬಾಣಿ ಆಡುವ ಮಗು ಮೊದಲ ದಿನ ಅಂಗನವಾಡಿಗೆ ಬಂದಾಗ ಟೀಚರ್ ಹೇಳುವ ಕನ್ನಡ ಹಾಡು ಅದಕ್ಕೆ ಅರ್ಥವಾಗುವುದಿಲ್ಲ. ಅದರ ಮಾತನ್ನು ಹೀಗಳೆಯದೆ ಕನ್ನಡಕ್ಕೆ ಕರೆತರುವುದನ್ನು ಕಲಿತೇ ಮಾಡಬೇಕು. ಮೂರು ವರ್ಷವಾದರೂ ಮಾತು ಬಾರದ ಮಗುವನ್ನು ಗುರುತಿಸುವುದಕ್ಕೂ ಕಲಿಕೆ ಬೇಕು. ನಿನ್ನೆವರೆಗೆ ನಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾಗಿ, ಯಾರಾದರೂ ಹತ್ತಿರ ಬಂದರೆ ಬೆದರಿದರೆ? ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಆದರೆ ಆ ಮಗುವಿನೊಂದಿಗೆ ಹೇಗೆ ಮಾತಾಡಬೇಕು, ಏನನ್ನು ಕೆದಕಬಾರದು ಎಂದು ಟೀಚರಿಗೆ ಹೇಳಿಕೊಟ್ಟವರು ಯಾರು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ, ಅಂದರೆ ನಮ್ಮ ಟೀಚರುಗಳಿಗೆ, 6 ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ ಆಗಬೇಕೆಂದಿತು. 2023ರಲ್ಲಿ ಬಂದ ‘ಪೋಷಣ್ ಭೀ ಪಢಾಯಿ ಭೀ’ ಕಾರ್ಯಕ್ರಮ ಕಾರ್ಯಕರ್ತೆಯರಿಗೆ ಗೊತ್ತುಮಾಡಿದ್ದು 3 ದಿನಗಳ ತರಬೇತಿ. ಆರು ತಿಂಗಳೆಲ್ಲಿ, ಮೂರು ದಿನವೆಲ್ಲಿ!

ನಮ್ಮ ಹಕ್ಕೊತ್ತಾಯಗಳು:

1. ಪ್ರತಿ ಕಾರ್ಯಕರ್ತೆಗೂ ಶಾಲಾಪೂರ್ವ ಶಿಕ್ಷಣದ ಪೂರ್ಣ ತರಬೇತಿ ಸಿಗಲಿ. ಪ್ರತಿ ವರ್ಷ ಪುನರ್ಮನನ ತರಬೇತಿ ನಡೆಯಲಿ.
2. ಮಕ್ಕಳ ಊಟ, ಕೈತೊಳೆಸುವುದು, ಶೌಚ ನೋಡಿಕೊಳ್ಳುವ ಸಹಾಯಕಿಯರಿಗೂ ತರಬೇತಿ ಕೊಡಿ.
3. ತರಬೇತಿ ಕನ್ನಡದಲ್ಲಿರಲಿ, ತಾಲ್ಲೂಕಿನಲ್ಲೇ ನಡೆಯಲಿ. ಬಸ್ ಖರ್ಚು, ಊಟದ ಖರ್ಚು ಅವರ ಗೌರವಧನಕ್ಕೆ ಕತ್ತರಿ ಹಾಕದಿರಲಿ.
4. ಟೀಚರ್ ತರಬೇತಿಗೆ ಹೋದ ದಿನ ಅಂಗನವಾಡಿಗೆ ಬೀಗ ಬೀಳಬಾರದು; ಬದಲಿ ವ್ಯವಸ್ಥೆ ಮಾಡಿ.
5. ಮೇಲ್ವಿಚಾರಕಿಯರು ರಿಜಿಸ್ಟರ್ ನೋಡಿ ಹೊರಡದೆ, ಮಕ್ಕಳ ನಡುವೆ ಕುಳಿತು ಚಟುವಟಿಕೆ ಮಾಡಿ ತೋರಿಸಲಿ.

ನೀವು ಮಾಡಬೇಕಾದ್ದು:

ಈ ವಾರವೇ ನಿಮ್ಮ ಅಂಗನವಾಡಿಗೆ ಹೋಗಿ. “ಕೊನೆಯ ತರಬೇತಿ ಯಾವಾಗ ಆಯಿತು? ಯಾವುದರಲ್ಲಿ ಇನ್ನೂ ಕಲಿಯಬೇಕೆನಿಸುತ್ತದೆ?” ಎಂದು ಟೀಚರನ್ನು ಗೌರವದಿಂದ ಕೇಳಿ, ಬರೆದುಕೊಳ್ಳಿ. ತಪ್ಪು ಹುಡುಕಲು ಹೋಗಬೇಡಿ, ಅವರ ಬೆನ್ನಿಗೆ ನಿಲ್ಲಲು ಹೋಗಿ. ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ವಿಷಯ ಎತ್ತಿ. ಮುಂದಿನ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಜಾಗ ಬಿಟ್ಟು ಏಳಬೇಡಿ. ನಿರ್ಣಯದ ಪ್ರತಿಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಓ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ರಸ್ತೆ, ಚರಂಡಿಗೆ ಜಗಳವಾಡುವ ನಾವು ಮಕ್ಕಳಿಗಾಗಿ ಒಮ್ಮೆ ಎದ್ದು ನಿಲ್ಲೋಣ. ತಾಯಂದಿರೇ, ಕಂಕುಳಲ್ಲಿ ಕೂಸಿದ್ದರೆ ಎತ್ತಿಕೊಂಡೇ ಬನ್ನಿ!

ಟೀಚರಿಗೆ ತರಬೇತಿ, ಮಕ್ಕಳ ಹಕ್ಕು!
ಮೂರು ದಿನ ಸಾಲದು, ಪೂರ್ತಿ ತರಬೇತಿ ಬೇಕು!

ಇಂತಿ,
ಅಂಗನವಾಡಿ ಮಕ್ಕಳ ತಂದೆ-ತಾಯಂದಿರು ಮತ್ತು ಗ್ರಾಮಸ್ಥರು

(ಓದಿದ ಮೇಲೆ ಪಕ್ಕದ ಮನೆಗೆ ಕೊಡಿ)